ನಗು ಕೊನೇ ಪದಕ್ಕೆ ಬೀಳ್ಬೇಕು: ವಿಡಿಯೋಗೆ ಕಾಮಿಡಿ ಬರೆಯೋರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಬಹಳಷ್ಟು ವಿಡಿಯೋಗೆ ಕಾಮಿಡಿ ಬರೆಯೋಕೆ ಈಗಷ್ಟೇ ಶುರು ಮಾಡಿರೋರವು, ಬರೆದದ್ದನ್ನ ತಾವೇ ಕ್ಯಾಮೆರಾ ಮುಂದೆ ನಿಂತು ಹೇಳೋರವು. ನಾನೂ ಇದೇ ಕೆಲಸ ಮಾಡ್ಕೊಂಡು ಬಂದಿರೋದ್ರಿಂದ ಪತ್ರ ಓದ್ತಾ ಓದ್ತಾನೇ ಉತ್ತರ ತಲೇಲಿ ಓಡೋಕೆ ಶುರುವಾಯ್ತು, ಹಾಗಾಗಿ ಈ ಸಲ ಪೂರ್ತಿ ಜಾಗ ಇವಕ್ಕೇ ಕೊಟ್ಟಿದೀನಿ. ಕೇಳಿದವರ ಹೆಸರು ಹಾಕಿಲ್ಲ, ಕೆಲವರು ಈಗ ಟೀಮ್‌ಗಳಲ್ಲಿ ಕೆಲಸ ಮಾಡ್ತಿದಾರೆ, ಅವರಿಗೆ ತೊಂದರೆ ಆಗ್ಬಾರ್ದು.

ಪ್ರಶ್ನೆ: ಜೋಕ್ ಬಾಯಲ್ಲಿ ಹೇಳಿದ್ರೆ ಫ್ರೆಂಡ್ಸ್ ಬಿದ್ದು ಬಿದ್ದು ನಗ್ತಾರೆ, ಅದನ್ನೇ ಸ್ಕ್ರಿಪ್ಟ್ ಮಾಡಿ ಶೂಟ್ ಮಾಡಿದ್ರೆ ಒಬ್ರೂ ನಗಲ್ಲ. ಒಂದು ಸ್ಯಾಂಪಲ್ ಕಳಿಸಿದೀನಿ ನೋಡಿ. ತಪ್ಪು ಬರವಣಿಗೇಲಿದ್ಯಾ, ನನ್ನ ಮುಖದಲ್ಲಿದ್ಯಾ?

ಉತ್ತರ: ಮುಖದಲ್ಲಿ ಏನೂ ತಪ್ಪಿಲ್ಲ, ವಿಡಿಯೋ ನೋಡಿದೆ, ನಿಮ್ಮ ಕಣ್ಣು ಚೆನ್ನಾಗಿ ಮಾತಾಡುತ್ತೆ. ನೀವು ಕಳಿಸಿದ ಸಾಲು ಇದು: "ನಾನು ದಿನಾ ಬೆಳಿಗ್ಗೆ ಬೇಗ ಎದ್ದು ವ್ಯಾಯಾಮ ಮಾಡಬೇಕು ಎಂದು ನಿರ್ಧರಿಸಿ ಮೊಬೈಲಿನಲ್ಲಿ ಐದು ಗಂಟೆಗೆ ತುಂಬಾ ಜೋರಾದ ಅಲಾರಂ ಇಟ್ಟುಕೊಂಡು ಮಲಗಿದೆ, ಆದರೆ ಆ ಶಬ್ದಕ್ಕೆ ನಾನು ಏಳುವ ಬದಲು ಪಕ್ಕದ ಮನೆಯವರು ಎದ್ದುಬಿಟ್ಟರು." 26 ಪದ. ನೀವು ಫ್ರೆಂಡ್ಸ್ ಹತ್ರ ಹೀಗೆ ಹೇಳಿರಲ್ಲ ಅಂತ ನಾನು ಪಂತ ಕಟ್ತೀನಿ, ಯಾಕಂದ್ರೆ ಯಾರೂ ಬಾಯಲ್ಲಿ "ಎಂದು ನಿರ್ಧರಿಸಿ" ಅನ್ನಲ್ಲ. ಪೆನ್ನು ಕೈಗೆ ಬಂದ ತಕ್ಷಣ ನಮಗೆಲ್ಲ ಶಾಲೆಯ ಪ್ರಬಂಧ ನೆನಪಾಗುತ್ತೆ, ಅಲ್ಲೇ ಜೋಕ್ ಅರ್ಧ ಸಾಯುತ್ತೆ.

ಇನ್ನರ್ಧ ಎಲ್ಲಿ ಸಾಯುತ್ತೆ ಅಂದ್ರೆ "ನಾನು ಏಳುವ ಬದಲು" ಅನ್ನೋ ಜಾಗದಲ್ಲಿ. ಅಷ್ಟು ಕೇಳಿದ ತಕ್ಷಣ ನೋಡೋರಿಗೆ ಇನ್ಯಾರೋ ಎದ್ರು ಅಂತ ಗೊತ್ತಾಗೋಯ್ತು, ಗುಟ್ಟು ನೀವೇ ಬಿಟ್ಕೊಟ್ರಿ. ಅದಕ್ಕೂ ಮುಂಚೆ "ಆದರೆ" ಅನ್ನೋ ಪದ ಬೇರೆ ಬಂದು ಈಗ ಏನೋ ತಿರುವು ಬರುತ್ತೆ ಅಂತ ಗಂಟೆ ಹೊಡೆದುಬಿಡ್ತು. ಕೊನೇಗೆ "ಪಕ್ಕದ ಮನೆಯವರು" ಬಂದ ಮೇಲೂ "ಎದ್ದುಬಿಟ್ಟರು" ಅಂತ ಒಂದು ಕ್ರಿಯಾಪದ ಬಾಲದ ಥರ ಉಳ್ಕೊಂಡಿದೆ. ನಗು ಬರೋ ಪದದ ಮೇಲೆ ಇನ್ನೊಂದು ಪದ ಕೂತ್ರೆ ನಗೋನು ಅದನ್ನ ಕೇಳಿಸ್ಕೊಳ್ಳೋಕೆ ನಿಲ್ತಾನೆ, ನಿಂತ್ಮೇಲೆ ನಗು ತಣ್ಣಗಾಗುತ್ತೆ.

ನಮ್ಮ ಭಾಷೆಯ ಕಷ್ಟ ಇದೇ ನೋಡಿ, ಕನ್ನಡದಲ್ಲಿ ವಾಕ್ಯ ಕ್ರಿಯಾಪದದಿಂದಲೇ ಮುಗಿಯೋದು ರೂಢಿ, ಆದ್ರೆ ಜೋಕ್‌ಗೆ ಬೇಕಾಗಿರೋದು ಅಚ್ಚರಿಯ ಪದ ಕೊನೇಲಿ ಇರೋದು. ಅದೃಷ್ಟಕ್ಕೆ ಮಾತಾಡೋ ಕನ್ನಡದಲ್ಲಿ ಪದ ಹಿಂದೆ ಮುಂದೆ ಮಾಡಿದ್ರೂ ಅರ್ಥ ಕೆಡಲ್ಲ, ಮನೇಲಿ ದಿನಾ "ಎಲ್ಲಿ ಹೋದ ಅವ್ನು", "ಬಂದ್ರಾ ನಿಮ್ಮಣ್ಣ" ಅಂತ ತಿರುಗಿಸಿಯೇ ಮಾತಾಡ್ತೀವಿ. ಅದನ್ನ ಬಳಸ್ಕೊಳ್ಳಿ. ಹೀಗೆ ಹೇಳಿ ನೋಡಿ:

"ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟೆ. ಐದಕ್ಕೆ ಸರಿಯಾಗಿ ಎದ್ರು... ಪಕ್ಕದ ಮನೆಯವ್ರು."

9 ಪದ. "ಎದ್ರು" ಅನ್ನೋದನ್ನ ಗಮನಿಸಿ, ಕೇಳೋನು "ಎದ್ದೆ" ಅಂತ ಬರುತ್ತೆ ಅಂದ್ಕೊಂಡಿರ್ತಾನೆ, ಬಂದಿದ್ದು "ಎದ್ರು". ಯಾರು ಎದ್ದಿದ್ದು ಅನ್ನೋ ಪ್ರಶ್ನೆ ಅವನ ತಲೇಲಿ ಅರ್ಧ ಸೆಕೆಂಡ್ ಎದ್ದು ನಿಲ್ಲುತ್ತೆ, ಅಷ್ಟರಲ್ಲಿ ನೀವು ಉತ್ತರ ಕೊಡ್ತೀರಿ. ಇಡೀ ಜೋಕ್ ಇರೋದು ಆ ಕ್ರಿಯಾಪದದ ಬಾಲದಲ್ಲಿ. ವ್ಯಾಯಾಮ, ನಿರ್ಧಾರ, ಮೊಬೈಲು ಯಾವುದೂ ಬೇಡ, ಐದು ಗಂಟೆ ಅಲಾರಂ ಅಂದ್ರೆ ಯಾಕೆ ಇಟ್ಟಿದಾರೆ ಅಂತ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಇದಾದ್ಮೇಲೆ "ಈಗ ಅವ್ರು ಎಂಟು ಕೆಜಿ ಇಳಿದಿದಾರೆ" ಅಂತ ಇನ್ನೊಂದು ಸಾಲು ಸೇರಿಸಿದ್ರೆ ಹೊಸ ಪೀಠಿಕೆ ಇಲ್ದೇ ಎರಡನೇ ನಗು ಬರುತ್ತೆ, ಇಂಥ ಸಾಲಿಗೆ ನಾವು ಟ್ಯಾಗ್ ಅಂತೀವಿ. ಹೊಸ ಜೋಕ್ ಹುಡುಕೋದಕ್ಕಿಂತ ಇರೋ ಜೋಕ್‌ಗೆ ಟ್ಯಾಗ್ ಹುಡುಕೋದು ಒಳ್ಳೇ ದುಡಿಮೆ, ಕಟ್ಟಿದ ಗೋಡೆ ಆಗ್ಲೇ ನಿಂತಿರುತ್ತೆ.

ಮಾಡ್ಬೇಕಾದ್ದು ಇಷ್ಟೇ. ಮುಂದಿನ ಸಲ ಫ್ರೆಂಡ್ಸ್‌ಗೆ ಹೇಳೋವಾಗ ಅವರಿಗೆ ತಿಳಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕೇಳ್ಕೊಂಡು ಹಾಗೇ ಅಕ್ಷರಕ್ಕಿಳಿಸಿ, "ಮತ್ತೆ", "ಅಂದ್ರೆ", ಉಸಿರು ಎಲ್ಲ ಸೇರಿಸಿ. ಅದೇ ನಿಮ್ಮ ಮೊದಲ ಡ್ರಾಫ್ಟ್. ಪದ ತೆಗೀತಾ ಹೋಗಿ, ತೆಗೆದಾಗೆಲ್ಲ ಜೋರಾಗಿ ಓದಿ. ಕಣ್ಣಲ್ಲಿ ಓದಿದ್ರೆ ಇದು ಗೊತ್ತಾಗಲ್ಲ, ಬಾಯಲ್ಲೇ ಓದ್ಬೇಕು.

ಪ್ರಶ್ನೆ: ಸ್ಟೇಜ್ ಮೇಲೆ ಚೆನ್ನಾಗಿ ಮಾಡ್ತೀನಿ, ಖಾಲಿ ರೂಮಲ್ಲಿ ಲೆನ್ಸ್ ಮುಂದೆ ನಿಂತ್ರೆ ಮರಗಟ್ಟಿ ಹೋಗ್ತೀನಿ. ನಗು ಕೇಳಿಸ್ದೇ ಇದ್ರೆ ಎಷ್ಟು ಹೊತ್ತು ನಿಲ್ಬೇಕು ಅಂತಾನೂ ಗೊತ್ತಾಗಲ್ಲ. ಪ್ರಾಂಪ್ಟರ್, ಅಂದ್ರೆ ಕ್ಯಾಮೆರಾ ಹತ್ರ ಸಾಲುಗಳನ್ನ ಓಡಿಸಿ ತೋರಿಸೋ ಪರದೆ, ಇಟ್ಕೊಂಡ್ರೆ ಸರಿಹೋಗುತ್ತಾ?

ಉತ್ತರ: ಈ ಕಷ್ಟ ಟೀವಿಯಷ್ಟೇ ಹಳೇದು. 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಅನ್ನೋ ಸೌಂಡ್ ಎಂಜಿನಿಯರ್ ರೆಕಾರ್ಡ್ ಮಾಡಿದ ನಗುಗಳನ್ನ ಕೀಲಿ ಒತ್ತಿ ಸೇರಿಸೋ ಮಷಿನ್ ಕಟ್ಟಿದ್ದು ಇದಕ್ಕೇ, ಪ್ರೇಕ್ಷಕರಿಲ್ಲದ ಕಾಮಿಡಿ ಬಣಗುಟ್ಟುತ್ತೆ ಅನ್ನೋದು ಆಗಿನವರಿಗೂ ಗೊತ್ತಿತ್ತು. 1951ರಲ್ಲಿ ಶುರುವಾದ ಐ ಲವ್ ಲೂಸಿ ಅನ್ನೋ ಅಮೆರಿಕದ ಟೀವಿ ಕಾಮಿಡಿ ಇನ್ನೊಂದು ದಾರಿ ಹಿಡೀತು, ಪ್ರೇಕ್ಷಕರನ್ನ ಸ್ಟುಡಿಯೋದಲ್ಲೇ ಕೂರಿಸಿ ಮೂರು ಫಿಲ್ಮ್ ಕ್ಯಾಮೆರಾ ಒಟ್ಟಿಗೇ ಓಡಿಸ್ತು. ಒಂದೇ ಸಲ ಹೇಳಿದ ಜೋಕು, ಅದಕ್ಕೆ ಎದುರಿನ ನಟ ನಿಜವಾಗ್ಲೂ ಕೊಟ್ಟ ಮುಖ, ಜನರ ನಿಜವಾದ ನಗು, ಮೂರೂ ಒಂದೇ ಕ್ಷಣದಲ್ಲಿ ಸಿಕ್ತು. ಇವತ್ತು ಎರಡು ಫೋನ್ ಒಟ್ಟಿಗೆ ಓಡಿಸಿದ್ರೆ ನಿಮಗೂ ಆ ಲಾಭದ ಒಂದು ತುಂಡು ಸಿಗುತ್ತೆ, ಇಬ್ಬರು ಮಾತಾಡೋ ಸ್ಕೆಚ್ (ಚಿಕ್ಕ ಕಾಮಿಡಿ ಪ್ರಸಂಗ) ಇದ್ರೆ ದಯವಿಟ್ಟು ಹಾಗೆ ಮಾಡಿ, ಮೊದಲ ಸಲ ಕೇಳಿದಾಗ ಬರೋ ರಿಯಾಕ್ಷನ್ ಏಳನೇ ಟೇಕ್‌ನಲ್ಲಿ ಎಷ್ಟು ಗೋಗರೆದ್ರೂ ಬರಲ್ಲ.

ಒಬ್ಬರೇ ಮಾಡೋದಾದ್ರೆ ರೂಮಲ್ಲಿ ಒಬ್ಬ ಮನುಷ್ಯನನ್ನ ಕೂರಿಸಿ. ಸ್ಕ್ರಿಪ್ಟ್ ಓದಿರಬಾರದು ಅವರು. ಲೆನ್ಸ್‌ಗೆ ಅಂಟಿಕೊಂಡ ಹಾಗೆ, ಅದರ ಹಿಂದೆ ಕೂತ್ಕೋಬೇಕು, ದೂರ ಮೂಲೇಲಿ ಕೂತ್ರೆ ನಿಮ್ಮ ಕಣ್ಣು ಆ ಕಡೆ ಜಾರಿ ನೋಡೋರಿಗೆ ನೀವು ಯಾರನ್ನೋ ನೋಡ್ತಿದೀರಿ ಅನ್ಸುತ್ತೆ. ಅವರು ಶಬ್ದ ಮಾಡ್ದೇ ನಕ್ರೂ ಸಾಕು, ಭುಜ ಅಲ್ಲಾಡಿದ್ದು ನಿಮಗೆ ಕಾಣುತ್ತೆ, ನಿಮ್ಮ ಟೈಮಿಂಗ್ ತಾನೇ ವಾಪಸ್ ಬರುತ್ತೆ. ಇನ್ನೊಂದು, ಫೋನ್‌ನ ಸ್ಕ್ರೀನಲ್ಲಿ ನಿಮ್ಮ ಮುಖ ಕಾಣ್ತಿದ್ರೆ ಅದಕ್ಕೊಂದು ಚೀಟಿ ಅಂಟಿಸಿ ಮುಚ್ಚಿಬಿಡಿ, ತನ್ನ ಮುಖ ನೋಡ್ಕೊಳ್ತಾ ಯಾರೂ ಸಹಜವಾಗಿ ಮಾತಾಡೋಕಾಗಲ್ಲ.

ಎಷ್ಟು ಹೊತ್ತು ನಿಲ್ಬೇಕು ಅನ್ನೋದಕ್ಕೆ, ಸ್ಟೇಜಲ್ಲಿ ನಿಲ್ಲೋದು ನಗು ಇಳಿಯೋ ತನಕ, ವಿಡಿಯೋದಲ್ಲಿ ನಿಲ್ಲೋದು ಜೋಕ್ ಅರ್ಥ ಆಗೋ ತನಕ ಅಷ್ಟೇ. ಅಷ್ಟು ಹೊತ್ತೂ ಮುಖದಲ್ಲಿ ಏನೋ ನಡೀತಿರ್ಬೇಕು, ಯೋಚನೆನೋ ಮುಜುಗರನೋ, ಪಾತ್ರ ಅಲ್ಲಿ ಬದುಕಿರ್ಬೇಕು. ನಗು ಬರ್ಲಿ ಅಂತ ಕಾಯ್ತಿರೋ ಮುಖ ಇಟ್ಕೊಂಡ್ರೆ ಮಾತ್ರ ನೋಡೋನು ತಕ್ಷಣ ಕಂಡುಹಿಡೀತಾನೆ.

ಪ್ರಾಂಪ್ಟರ್ ವಿಷಯಕ್ಕೆ ಬಂದ್ರೆ, ಅದು ಹುಟ್ಟಿದ್ದೇ ಸಾಲು ಮರೆಯೋ ಭಯಕ್ಕೆ. ಫ್ರೆಡ್ ಬಾರ್ಟನ್ ಅನ್ನೋ ರಂಗನಟ ಟೀವಿಗೆ ಇಂಥದ್ದೊಂದು ಬೇಕು ಅಂತ ಕೇಳಿದ್ದ, ಹ್ಯೂಬರ್ಟ್ ಶ್ಲಾಫ್ಲಿ ಅನ್ನೋ ಎಂಜಿನಿಯರ್ ಕಾಗದದ ಸುರುಳಿ ತಿರುಗೋ ಪೆಟ್ಟಿಗೆ ಮಾಡಿಕೊಟ್ಟ, 1950ರಲ್ಲಿ ಬಳಕೆಗೆ ಬಂತು. ಸುದ್ದಿ ಓದೋಕೆ, ಪಾಠ ಹೇಳೋಕೆ ಒಳ್ಳೇದು. ಕಾಮಿಡಿಗೆ ನಾನು ಪೂರ್ತಿ ಸ್ಕ್ರಿಪ್ಟ್ ಹಾಕ್ಬೇಡಿ ಅಂತೀನಿ, ಕಣ್ಣು ಎಡದಿಂದ ಬಲಕ್ಕೆ ಓಡೋದು ಗೊತ್ತಾಗುತ್ತೆ, ಜೊತೆಗೆ ಓದೋನು ಎಲ್ಲ ಪದಕ್ಕೂ ಒಂದೇ ತೂಕ ಕೊಡ್ತಾನೆ. ಮೊದಲ ಸಾಲು, ಕೊನೇ ಸಾಲು, ಪ್ರತಿ ಜೋಕ್‌ನ ಪಂಚ್ (ನಗು ತರಿಸೋ ಸಾಲು) ಇವಿಷ್ಟು ಅಕ್ಷರಕ್ಷರ ಬಾಯಿಪಾಠ ಆಗಿರ್ಲಿ, ಮಧ್ಯದ್ದು ಒಂದೊಂದು ಪದದ ಸುಳುಹು ಇಟ್ಕೊಂಡು ನಿಮ್ಮ ಮಾತಲ್ಲೇ ಹೇಳಿ. ಪ್ರಾಂಪ್ಟರ್ ಬೇಕೇ ಬೇಕು ಅಂದ್ರೆ ಕ್ಯಾಮೆರಾ ಹಿಂದಕ್ಕೆ ಒಯ್ದು ಝೂಮ್ ಮಾಡಿ, ದೂರ ಹೆಚ್ಚಾದಷ್ಟೂ ಕಣ್ಣಿನ ಓಡಾಟ ಕಡಿಮೆ ಕಾಣುತ್ತೆ, ಸಾಲಿಗೆ ನಾಲ್ಕೈದು ಪದಕ್ಕಿಂತ ಜಾಸ್ತಿ ಬೇಡ.

ಪ್ರಶ್ನೆ: ಕೈಯಲ್ಲಿರೋ ದುಡ್ಡಿಗೆ ಒಳ್ಳೇ ಕ್ಯಾಮೆರಾ ತಗೊಳ್ಲಾ, ಒಳ್ಳೇ ಮೈಕ್ ತಗೊಳ್ಲಾ?

ಉತ್ತರ: ಮೈಕ್. ಪಂಚ್‌ನ ಕೊನೇ ಪದ ನಾವು ಸಾಮಾನ್ಯವಾಗಿ ಇಳಿದ ದನಿಯಲ್ಲಿ ಹೇಳ್ತೀವಿ, ಅದು ಕೇಳಿಸ್ದೇ ಹೋದ್ರೆ ಚಿತ್ರ ಎಷ್ಟು ಚೆಂದ ಇದ್ದು ಏನ್ ಪ್ರಯೋಜನ. ಕಾಲರ್ ಮೈಕ್ ಆದ್ರೆ ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಲೆವೆಲ್ ಮೈನಸ್ 12 ಡೆಸಿಬೆಲ್ ಆಸುಪಾಸು ಮುಟ್ಟೋ ಹಾಗಿಡಿ, ಯಾಕಂದ್ರೆ ಕಾಮಿಡೀಲಿ ಪಿಸುಮಾತು ಆಡ್ತಿದ್ದೋನು ದಿಢೀರಂತ ಕಿರುಚ್ತಾನೆ, ಅದಕ್ಕೆ ಜಾಗ ಬೇಕು. ಶೂಟ್ ಮುಗಿದ್ಮೇಲೆ ಎಲ್ಲರೂ ಸುಮ್ನಿದ್ದು 30 ಸೆಕೆಂಡ್ ರೂಮಿನ ಮೌನ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟ್‌ನಲ್ಲಿ ಮಾತಿನ ಮಧ್ಯದ ಮೌನ ಉದ್ದ ಮಾಡೋಕೆ ಅದು ಬೇಕೇ ಬೇಕು.

ಪ್ರಶ್ನೆ: ಒಂದು ಸಣ್ಣ ಪ್ರೊಡಕ್ಷನ್ ಟೀಮ್‌ಗೆ ಜೂನಿಯರ್ ರೈಟರ್ ಆಗಿ ಸೇರಿ ಐದು ತಿಂಗಳಾಯ್ತು, ಕೆಲವು ಎಪಿಸೋಡ್ ನಾನೇ ಪ್ರೆಸೆಂಟ್ ಮಾಡ್ತೀನಿ. ಬರೆದದ್ದರಲ್ಲಿ ಅರ್ಧಕ್ಕರ್ಧ ಡೈರೆಕ್ಟರ್ ಕಾರಣ ಹೇಳ್ದೇ ಹೊಡೆದು ಹಾಕ್ತಾರೆ. ತುಂಬಾ ನೋವಾಗುತ್ತೆ, ಬಿಟ್ಟುಬಿಡೋಣ ಅನ್ಸುತ್ತೆ.

ಉತ್ತರ: ನೋವಾಗೋದು ಸಹಜ, ಆಗ್ಬೇಕು ಕೂಡ, ಬರೆದದ್ದರ ಮೇಲೆ ಪ್ರೀತಿ ಇಲ್ದಿದ್ರೆ ನೋವಾಗ್ತಿರಲಿಲ್ಲ. ನನ್ನ ಒಂದು ಅನುಭವ ಹೇಳ್ತೀನಿ. ಸೇರಿದ ಹೊಸತರಲ್ಲಿ ಏಳು ಪುಟದ ಒಂದು ಸ್ಕೆಚ್ ಬರೆದಿದ್ದೆ, ಲಿಫ್ಟ್‌ನಲ್ಲಿ ಸಿಕ್ಕಿ ಹಾಕ್ಕೊಂಡ ಇಬ್ಬರ ಕಥೆ, ಒಬ್ಬ ಇಂಟರ್‌ವ್ಯೂಗೆ ಹೋಗ್ತಿರೋನು, ಇನ್ನೊಬ್ಬ ಅವನನ್ನ ಇಂಟರ್‌ವ್ಯೂ ಮಾಡ್ಬೇಕಾದೋನು, ಇಬ್ಬರಿಗೂ ಇದು ಗೊತ್ತಿಲ್ಲ. ಸ್ಕ್ರಿಪ್ಟ್‌ನ ಒಂದು ಪುಟ ಅಂದ್ರೆ ಸುಮಾರು ಒಂದು ನಿಮಿಷ ಅಂತ ಲೆಕ್ಕ ಇಟ್ಕೊಳ್ತಾರೆ, ಅಂದ್ರೆ ಏಳು ನಿಮಿಷ. ನಮ್ಮ ಸೀನಿಯರ್ ಮೊದಲ ಒಂದೂವರೆ ಪುಟಕ್ಕೆ ಒಂದು ಉದ್ದ ಗೀಟು ಹಾಕಿ ವಾಪಸ್ ಕೊಟ್ರು. ಅದರಲ್ಲಿ ಮನೆಯಿಂದ ಹೊರಡೋದು, ಟೈ ಸಿಗದೇ ಹೋಗಿದ್ದು, ಟ್ರಾಫಿಕ್ ಎಲ್ಲ ಇತ್ತು, ನನಗೆ ಬಹಳ ಇಷ್ಟವಾದ ನಾಲ್ಕು ಜೋಕ್ ಅಲ್ಲೇ ಇದ್ವು. ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡ್ಲಿಲ್ಲ. ಮೂರನೇ ದಿನ ಟೇಬಲ್ ರೀಡ್, ಎಲ್ಲರೂ ಸುತ್ತ ಕೂತು ಪಾತ್ರ ಹಂಚ್ಕೊಂಡು ಜೋರಾಗಿ ಓದೋದು. ಗೀಟಾದ್ಮೇಲಿನ ಮೊದಲ ಸಾಲು "ನೀವೂ ಏಳನೇ ಫ್ಲೋರಾ?" ಅಂತ ಇತ್ತು. ಲಿಫ್ಟ್ ನಿಂತ ತಕ್ಷಣ ರೂಮಿನವರೆಲ್ಲ ಮುಂದಕ್ಕೆ ಬಾಗಿ ಕೂತ್ರು. ಟೈ ಇಲ್ಲ ಅನ್ನೋದನ್ನ ಯಾರೂ ಹೇಳ್ಬೇಕಾಗಿ ಬರ್ಲೇ ಇಲ್ಲ, ಓದ್ತಿದ್ದ ನಟ ಸುಮ್ನೆ ಕುತ್ತಿಗೆ ಮುಟ್ಕೊಂಡ, ಅಷ್ಟಕ್ಕೇ ನಕ್ಕರು.

ಅವತ್ತಿಂದ ನಾನು ಟೇಬಲ್ ರೀಡ್‌ನಲ್ಲಿ ನಟರ ಮುಖ ನೋಡಲ್ಲ, ಸ್ಕ್ರಿಪ್ಟ್‌ನ ಅಂಚಲ್ಲಿ ಗುರುತು ಹಾಕ್ತಾ ಕೂರ್ತೀನಿ. ನಕ್ಕ ಕಡೆ ಒಂದು ಗೆರೆ, ಪುಟ ತಿರುವೋ ಸದ್ದು ಬಂದ ಕಡೆ ಒಂದು ಸೊನ್ನೆ, ಓದೋರು ತೊದಲಿದ ಕಡೆ ಒಂದು ಅಡ್ಡಗೀಟು. ತೊದಲಿದ್ದಾರೆ ಅಂದ್ರೆ ಆ ವಾಕ್ಯ ಬಾಯಿಗೆ ಬರೆದದ್ದಲ್ಲ. ಮೂರು ಸೊನ್ನೆ ಸಾಲಾಗಿ ಬಂದ್ರೆ ಅಲ್ಲಿ ಕತ್ತರಿ ಬೇಕು. ನೀವೂ ಹೀಗೆ ಗುರುತು ಹಾಕಿಟ್ಕೊಂಡ್ರೆ ಡೈರೆಕ್ಟರ್ ಕಾರಣ ಹೇಳ್ದಿದ್ರೂ ಅವರು ಹೊಡೆದ ಜಾಗಗಳಲ್ಲಿ ಹೆಚ್ಚಿನವು ನಿಮ್ಮ ಸೊನ್ನೆಗಳ ಜಾಗವೇ ಆಗಿರೋದು ಕಾಣ್ಬಹುದು.

ಎಲ್ಲವೂ ಅಲ್ಲ ಆದ್ರೆ. ಕೆಲವೊಮ್ಮೆ ಡೈರೆಕ್ಟರ್‌ಗಳು ಅವಸರದಲ್ಲಿ ನಗು ಇಲ್ಲದ ಸಾಲು ಅಂತ ಸೆಟಪ್ಪನ್ನೇ, ಅಂದ್ರೆ ಮುಂದೆ ಬರೋ ಜೋಕ್‌ಗೆ ನೆಲ ಹದ ಮಾಡೋ ಸಾಲನ್ನೇ, ಹೊಡೆದುಬಿಡ್ತಾರೆ. ಎರಡನೇ ಪುಟದಲ್ಲಿ ಕಿಟಕಿ ತೆಗೆದೇ ಇರುತ್ತೆ ಅನ್ನೋ ಸಾದಾ ಸಾಲು ಹೋದ್ರೆ ಆರನೇ ಪುಟದಲ್ಲಿ ಕಾಗದ ಹಾರಿ ಹೋದಾಗ ಯಾರಿಗೂ ಏನೂ ಅನ್ಸಲ್ಲ. ಅಂಥ ಕಡೆ ಬಾಯಿ ಬಿಡಿ. "ಈ ಸಾಲು ತೆಗೆದ್ರೆ ಆರನೇ ಪುಟದ್ದು ಬೀಳುತ್ತೆ" ಅಂತ ಪುಟದ ನಂಬರ್ ಸಮೇತ ಹೇಳಿ, ಕೇಳೇ ಕೇಳ್ತಾರೆ. ಜೋಕ್ ಉಳಿಸ್ಕೊಳ್ಳೋಕೆ ವಾದ ಮಾಡೋದು ನನಗೆ ಸರಿ ಕಾಣಲ್ಲ, ತಮಾಷೆಯಾಗಿದೆ ಅಂತ ವಾದ ಮಾಡಿ ಯಾರನ್ನೂ ನಗಿಸೋಕಾಗಲ್ಲ, ಅದರ ಬದಲು ಅದೇ ಜಾಗಕ್ಕೆ ಇನ್ನೂ ಮೂರು ಜೋಕ್ ಬರ್ಕೊಂಡು ಹೋಗಿ. ಹೊಡೆದು ಹಾಕಿದ ಸಾಲುಗಳಿಗೆ ಒಂದು ಫೈಲ್ ಮಾಡಿ ಇಡಿ. ನನ್ನ ಟೈ ಜೋಕ್ ಎರಡು ವರ್ಷ ಆದ್ಮೇಲೆ ಬೇರೆ ಸ್ಕೆಚ್‌ನಲ್ಲಿ, ಒಂದು ಮದುವೆ ಸೀನಲ್ಲಿ, ಜಾಗ ಹುಡುಕ್ಕೊಂಡ್ತು.

ಬಿಡ್ಬೇಡಿ ಈಗಲೇ. ಆದ್ರೆ ಕಾರಣ ಕೇಳೋ ಹಕ್ಕು ನಿಮಗಿದೆ, ವಾರಕ್ಕೊಂದು ಹತ್ತು ನಿಮಿಷ ಕೊಡಿ ಅಂತ ನೇರವಾಗಿ ಕೇಳಿ. ಕಲಿಸೋಕೆ ಹತ್ತು ನಿಮಿಷನೂ ಇಲ್ಲ ಅನ್ನೋ ಟೀಮ್ ಆದ್ರೆ ಆಗ ಯೋಚನೆ ಮಾಡೋಣ.

ಪ್ರಶ್ನೆ: ನಮ್ಮ ಎಡಿಟರ್ ನಾನು ಪಂಚ್ ಹೇಳಿ ಮುಗಿಸಿದ ತಕ್ಷಣ ಕಟ್ ಮಾಡಿ ಮುಂದಿನ ಶಾಟ್ ಹಾಕ್ತಾರೆ, ವೇಗ ಇರ್ಬೇಕು ಅಂತಾರೆ. ಪ್ರತಿ ಪಂಚ್‌ಗೂ ಒಂದು ಸೌಂಡ್ ಎಫೆಕ್ಟ್ ಬೇರೆ. ನನಗೆ ಏನೋ ಸರಿ ಇಲ್ಲ ಅನ್ಸುತ್ತೆ, ಹೇಗೆ ಹೇಳೋದು?

ಉತ್ತರ: ಅಳತೆ ಇಟ್ಕೊಂಡು ಹೇಳಿ. ಸೆಕೆಂಡಿಗೆ 25 ಫ್ರೇಮ್ ಇದ್ರೆ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್, ಐದು ಫ್ರೇಮ್ ಅಂದ್ರೆ ಸೆಕೆಂಡಿನ ಐದನೇ ಒಂದು ಭಾಗ. ಪಕ್ಕದಲ್ಲಿ ಕೂತು ಒಂದೇ ಜಾಗದ ಮೂರು ವರ್ಷನ್ ಮಾಡಿಸಿ, ಪದ ಮುಗಿದ ಜಾಗಕ್ಕೇ ಕಟ್, ಎಂಟು ಫ್ರೇಮ್ ಬಿಟ್ಟು ಕಟ್, ಹದಿನೈದು ಬಿಟ್ಟು ಕಟ್. ಸ್ಕ್ರಿಪ್ಟ್ ಗೊತ್ತಿಲ್ಲದ ಯಾರಿಗಾದ್ರೂ ತೋರಿಸಿ. ಯಾವುದು ಸರಿ ಅಂತ ಮೊದಲೇ ಹೇಳೋಕೆ ಬರಲ್ಲ, ಒಂದೊಂದು ಜೋಕ್‌ಗೆ ಒಂದೊಂದು, ಪೆದ್ದು ಉತ್ತರದ ಜೋಕ್‌ಗೆ ಉದ್ದ ಮೌನ ಬೇಕಾಗುತ್ತೆ, ಮಾತಿಗೆ ಮಾತು ಕೊಡೋದಕ್ಕೆ ಮೌನವೇ ಬೇಡ. ಆದ್ರೆ ಎಲ್ಲಾ ಪಂಚ್‌ಗೂ ಒಂದೇ ಅಳತೆ ಇಟ್ರೆ ನೋಡೋನ ಮೈಗೆ ಆ ತಾಳ ಹತ್ತಿಬಿಡುತ್ತೆ, ಮುಂದಿನ ಪಂಚ್ ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಾಗೋಗುತ್ತೆ.

ಶೂಟ್‌ನಲ್ಲಿ ನೀವು ಮಾಡ್ಬೇಕಾದ್ದೂ ಇದೆ. ಪಂಚ್ ಹೇಳಿದ್ಮೇಲೆ "ಕಟ್" ಅನ್ನೋ ಮುಂಚೆ ಮೂರು ಸೆಕೆಂಡ್ ಪಾತ್ರದಲ್ಲೇ ಇರಿ, ಕಣ್ಣು ಇಳಿಸ್ಬೇಡಿ. ಇಲ್ದಿದ್ರೆ ಎಡಿಟರ್ ಹತ್ರ ಬಿಡೋಕೆ ಫ್ರೇಮೇ ಇರಲ್ಲ, ಅವರ ಮೇಲೆ ಸಿಟ್ಟು ಮಾಡ್ಕೊಂಡು ಏನು ಮಾಡೋದು. ಕೇಳಿಸ್ಕೊಳ್ಳೋನ ಮುಖದ ಶಾಟ್ ಬೇರೆ ತಗೊಳ್ಳಿ, ಬಹಳ ಸಲ ನಗು ಹುಟ್ಟೋದು ಹೇಳೋನ ಬಾಯಲ್ಲಲ್ಲ, ಕೇಳಿದೋನ ಮುಖದಲ್ಲಿ. ಬಿದ್ದು ಏಳೋದು, ಬಾಗಿಲಿಗೆ ಗುದ್ದೋದು ಇಂಥ ಮೈ ಕಾಮಿಡಿ ಇದ್ರೆ ವೈಡ್ ಶಾಟ್‌ನಲ್ಲಿ ಕಟ್ ಇಲ್ದೇ ತೋರಿಸಿ, ಕಟ್ ಮಾಡಿದ್ರೆ ನಿಜವಾಗ್ಲೂ ಬಿದ್ನಾ ಅಂತ ಅನುಮಾನ ಬರುತ್ತೆ. ಸೌಂಡ್ ಎಫೆಕ್ಟ್ ಎಲ್ಲ ಮ್ಯೂಟ್ ಮಾಡಿ ಒಂದ್ಸಲ ನೋಡಿ, ಎಫೆಕ್ಟ್ ಇಲ್ದೇ ಬಿದ್ದು ಹೋಗೋ ಪಂಚ್ ಯಾವುದಿದ್ಯೋ ಅದನ್ನ ನೀವು ಮತ್ತೆ ಬರೀಬೇಕು, ಎಡಿಟರ್ ಅಲ್ಲ. ಸಾಧ್ಯ ಆದ್ರೆ ಎಡಿಟಿಂಗ್ ನೀವೇ ಸ್ವಲ್ಪ ಕಲೀರಿ, ನನ್ನ ಬರವಣಿಗೆ ಬಿಗಿಯಾಗಿದ್ದು ನನ್ನದೇ ಉದ್ದುದ್ದ ವಾಕ್ಯಗಳನ್ನ ಟೈಮ್‌ಲೈನ್ ಮೇಲೆ ನಾನೇ ಕತ್ತರಿಸಿದ್ಮೇಲೆ.

ಪ್ರಶ್ನೆ: ನಮ್ಮ ಟೀಮಲ್ಲಿ ಒಬ್ಬರಿಗೆ ಮಾತಾಡೋವಾಗ ಉಗ್ಗು ಇದೆ. ಅದನ್ನೇ ಇಟ್ಕೊಂಡು ಸ್ಕೆಚ್ ಮಾಡೋಣ ಅಂತ ಎಲ್ಲರೂ ಹೇಳ್ತಿದಾರೆ, ಅವರೂ ಪರವಾಗಿಲ್ಲ ಅಂದ್ರು. ಬರೀಬೇಕಾದೋಳು ನಾನು. ಮನಸ್ಸು ಒಪ್ತಿಲ್ಲ.

ಉತ್ತರ: ನಿಮ್ಮ ಮನಸ್ಸು ಹೇಳ್ತಿರೋದು ಸರಿ. ಎಂಟು ಜನ ನಗ್ತಾ ಕೇಳ್ದಾಗ ಒಬ್ಬರು "ಪರವಾಗಿಲ್ಲ" ಅಂದ್ರೆ ಅದನ್ನ ಒಪ್ಪಿಗೆ ಅಂತ ತಗೊಳ್ಬೇಡಿ, ಅವರಿಗೆ ಇಲ್ಲ ಅನ್ನೋಕೆ ಅಲ್ಲಿ ಜಾಗವೇ ಇರಲಿಲ್ಲ. ಒಬ್ಬರೇ ಇದ್ದಾಗ ಕೂತು ಮಾತಾಡಿ, ಬೇಡ ಅಂದ್ರೆ ನಿನ್ನ ಹೆಸರು ಬರದ ಹಾಗೆ ನಾನೇ ಕೈ ಬಿಡ್ತೀನಿ ಅಂತ ಮೊದಲೇ ಹೇಳಿ, ಆಮೇಲೆ ಕೇಳಿ. ಬೇಡ ಅಂದ್ರೆ ಅಲ್ಲಿಗೆ ಮುಗೀತು.

ಬೇಕು ಅಂದ್ರೆ, ನಗೋದು ಯಾರ ಮೇಲೆ ಅನ್ನೋದನ್ನ ತಿರುಗಿಸಿ. ಉಗ್ಗಿನ ಮೇಲೆ ನಗೋದರಲ್ಲಿ ಬರವಣಿಗೆ ಏನಿದೆ, ಅದು ಅನುಕರಣೆ ಅಷ್ಟೇ. ಅವರ ಹತ್ರನೇ ಕೇಳಿ, ಜನ ಏನೇನು ಮಾಡ್ತಾರೆ ಅಂತ. ಹೆಚ್ಚು ಕಮ್ಮಿ ಎಲ್ಲರೂ ಹೇಳೋದು ಒಂದೇ, ಎದುರಿನವರು ಕಾಯೋ ತಾಳ್ಮೆ ಇಲ್ದೇ ನಮ್ಮ ವಾಕ್ಯನ ಅವರೇ ಮುಗಿಸ್ತಾರೆ, ಅದೂ ತಪ್ಪಾಗಿ ಮುಗಿಸ್ತಾರೆ ಅಂತ. ಅಲ್ಲಿದೆ ಸ್ಕೆಚ್. ಒಬ್ಬರು ಅರ್ಜಿ ಕೊಡೋಕೆ ಕೌಂಟರ್‌ಗೆ ಬಂದಿದಾರೆ, ಒಳಗಿರೋನು ಪ್ರತಿ ವಾಕ್ಯ ತಾನೇ ಮುಗಿಸ್ತಾ ಹೋಗಿ ಕೊನೇಗೆ ಅವರಿಗೆ ಬೇಡದ ಐದು ಫಾರಂ ತುಂಬಿಸಿ ಕೈಗೆ ಕೊಡ್ತಾನೆ. ನಗು ಬೀಳೋದು ಅವಸರದವನ ಮೇಲೆ. ಆ ಪಾತ್ರ ಅವರೇ ಮಾಡ್ಲಿ, ಬರೆದವರು ಅಂತ ನಿಮ್ಮ ಹೆಸರಿನ ಜೊತೆ ಅವರ ಹೆಸರೂ ಬರ್ಲಿ, ಕೊನೇ ಕಟ್ ನೋಡಿ ಹೂಂ ಅನ್ನೋದು ಅವರ ಕೈಲೇ ಇರ್ಲಿ.

ಪ್ರಶ್ನೆ: ನಾನು ಒಂದು ಟೀಮ್‌ಗೆ ಕಳಿಸಿದ್ದ ಐಡಿಯಾ ಥರದ್ದೇ ಸ್ಕೆಚ್ ಅವರು ಮಾಡಿದಾರೆ. ನನ್ನ ಹೆಸರಿಲ್ಲ. ಕದ್ದಿದ್ದು ಅಲ್ವಾ ಇದು?

ಉತ್ತರ: ಐಡಿಯಾ ಮಾತ್ರ ಹೋಗಿದ್ರೆ ಕಾನೂನು ನಿಮ್ಮ ಕಡೆ ನಿಲ್ಲೋದು ಕಷ್ಟ. ಕೃತಿಸ್ವಾಮ್ಯ ಸಿಗೋದು ಬರೆದ ರೂಪಕ್ಕೆ, ಯೋಚನೆಗಲ್ಲ, ಜಗತ್ತಿನ ಬಹುತೇಕ ದೇಶಗಳು ಒಪ್ಪಿರೋ ಮಾತು ಇದು. "ಲಿಫ್ಟ್‌ನಲ್ಲಿ ಸಿಕ್ಕಿಕೊಂಡ ಇಬ್ಬರು" ಅನ್ನೋದು ಯಾರಪ್ಪಂದೂ ಅಲ್ಲ, ನಾನು ಬರೆದ ಏಳು ಪುಟದ ಮಾತುಗಳು ಮಾತ್ರ ನಂದು. ಸಮಾಧಾನದ ವಿಷಯ ಅಂದ್ರೆ ಬರೆದ ರೂಪ ಇದ್ರೆ ರಕ್ಷಣೆಗೆ ಎಲ್ಲೂ ನೋಂದಣಿ ಮಾಡಿಸ್ಲೇಬೇಕು ಅಂತಿಲ್ಲ, ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡ್ಕೊಂಡ 1886ರ ಬರ್ನ್ ಒಪ್ಪಂದಕ್ಕೆ 1908ರಲ್ಲಿ ಆದ ತಿದ್ದುಪಡಿಯಿಂದ ಆ ನಿಯಮ ಬಂತು, ಬರೆದ ಕ್ಷಣದಿಂದಲೇ ಹಕ್ಕು. ಹಾಗಾಗಿ ಮುಂದೆ ಒಂದು ಸಾಲಿನ ಐಡಿಯಾ ಕಳಿಸ್ಬೇಡಿ, ಎರಡು ಪುಟವಾದ್ರೂ ಡೈಲಾಗ್ ಸಮೇತ ಬರೆದು ತಾರೀಖು ಇರೋ ಹಾಗೆ ಈಮೇಲ್‌ನಲ್ಲಿ ಕಳಿಸಿ. ನಿಮ್ಮ ಮಾತುಗಳೇ ಅವರ ವಿಡಿಯೋದಲ್ಲಿ ಸಾಲುಸಾಲಾಗಿ ಇದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ಮೊದಲು ಅವರಿಗೇ ಸಭ್ಯವಾಗಿ ಬರೆದು ಹೆಸರು ಸೇರಿಸಿ ಅಂತ ಕೇಳಿ, ಒಪ್ಪದಿದ್ರೆ ಆಮೇಲೆ ವಕೀಲರು.

ಕೆಲಸ ಒಪ್ಕೊಳ್ಳೋವಾಗಲೂ ಇಷ್ಟು ಬರವಣಿಗೇಲಿ ಇರ್ಲಿ: ಹೆಸರು ಎಲ್ಲಿ ಹೇಗೆ ಬರುತ್ತೆ, ಎಷ್ಟು ಸಲ ತಿದ್ದಿ ಕೊಡ್ಬೇಕು, ಶೂಟ್ ಆಗದೇ ನಿಂತುಹೋದ್ರೆ ಬರೆದದ್ದಕ್ಕೆ ಏನು ಸಿಗುತ್ತೆ. ಬರೆಯೋದಕ್ಕೂ ಪ್ರೆಸೆಂಟ್ ಮಾಡೋದಕ್ಕೂ ಬೇರೆ ಬೇರೆ ಲೆಕ್ಕ ಕೇಳಿ, ಅದು ಎರಡು ಕೆಲಸ. ಕೇಳೋಕೆ ಸಂಕೋಚ ಪಟ್ಕೊಂಡು ಒಳಗೊಳಗೇ ಕುದಿಯೋ ಹುಡುಗರನ್ನ ನಾನು ಬಹಳ ಜನ ನೋಡಿದೀನಿ, ಕರುಳು ಚುರ್ ಅನ್ನುತ್ತೆ.

ಪ್ರಶ್ನೆ: ವಾರಕ್ಕೆರಡು ವಿಡಿಯೋ ಮಾಡಿ ಮಾಡಿ ವಿಷಯವೇ ಖಾಲಿ ಆಗಿದೆ. ನೀವೆಲ್ಲ ಎಲ್ಲಿಂದ ತರ್ತೀರಿ?

ಉತ್ತರ: ನಾನು ವಿಷಯ ಹುಡುಕಲ್ಲ, ಸಿಟ್ಟು ಹುಡುಕ್ತೀನಿ. ದಿನಾ ರಾತ್ರಿ ಮಲಗೋ ಮುಂಚೆ ಮೂರು ಸಾಲು: ಇವತ್ತು ಯಾವುದಕ್ಕೆ ಮೈ ಉರೀತು, ಯಾವುದಕ್ಕೆ ನಾಚಿಕೆ ಆಯ್ತು, ಯಾರ ಯಾವ ಮಾತು ಕಿವೀಲಿ ಉಳೀತು. ಜೋಕ್ ಮಾಡೋಕೆ ಹೋಗಲ್ಲ, ಆದದ್ದನ್ನ ಆದ ಹಾಗೆ ಬರೀತೀನಿ. ಹದಿನೈದು ದಿನ ಬಿಟ್ಟು ತೆಗೆದು ನೋಡಿದ್ರೆ ಮೂರ್ನಾಲ್ಕು ಸಾಲಾದ್ರೂ ಇನ್ನೂ ಬಿಸಿ ಇರ್ತವೆ, ಅವನ್ನ ತಗೊಂಡು "ಇದು ಇನ್ನೂ ಅತಿಗೆ ಹೋಗಿದ್ರೆ?" ಅಂತ ಎಳೆಯೋದು. ಒಂದು ರಾತ್ರಿ ನಾನು ಬರೆದಿದ್ದು ಇಷ್ಟೇ: "ಕಸ್ಟಮರ್ ಕೇರ್‌ನ ಹುಡುಗಿ ನನ್ನ ಹೆಸರನ್ನ ನಾಲ್ಕು ಸಲ ತಪ್ಪಾಗಿ ಹೇಳಿದ್ಲು, ಐದನೇ ಸಲ ನಾನೇ ತಪ್ಪಾಗಿ ಹೇಳಿದೆ." ಅದರಿಂದ ಒಂದು ಸ್ಕೆಚ್ ಆಯ್ತು, ಕೊನೇಲಿ ಪಾತ್ರ ತನ್ನ ಮನೆಯವರಿಗೂ ಹೊಸ ಹೆಸರಲ್ಲೇ ಪರಿಚಯ ಮಾಡ್ಕೊಳ್ತಾನೆ.

ಮತ್ತೆ, ವಾರಕ್ಕೆ ಎರಡರ ಬದಲು ಒಂದೇ ವಿಡಿಯೋ ಮಾಡಿ. ಒಂದು ತಿಂಗಳು ಮಾಡಿ ನೋಡಿ. ಅದರಿಂದ ಉಳಿಯೋ ದಿನಗಳಲ್ಲಿ ಶೂಟ್ ಬೇಡ, ಎಡಿಟ್ ಬೇಡ, ಬಸ್ಸಲ್ಲೋ ಕ್ಯೂನಲ್ಲೋ ಕಿವಿಗೆ ಇಯರ್‌ಫೋನ್ ಹಾಕ್ಕೊಳ್ದೇ ಕೂತ್ಕೊಳ್ಳಿ. ಪಕ್ಕದವರು ಫೋನಲ್ಲಿ ಏನು ಮಾತಾಡ್ತಿದಾರೆ ಅನ್ನೋದಕ್ಕಿಂತ, ಏನು ಹೇಳೋಕೆ ಹೋಗಿ ಹೇಳ್ದೇ ನಿಲ್ಲಿಸಿದ್ರು ಅನ್ನೋದನ್ನ ಬರ್ಕೊಳ್ಳಿ.